ತೊಟ್ಟಿಲಿನಿಂದ ಮಂಚಕ್ಕೆ: ಮಗು ಮಲಗುವ ಜಾಗ ಎಷ್ಟು ಸುರಕ್ಷಿತ?

ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರುವುದು, ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವುದು ನಮ್ಮ ಇಟಗಿ, ಕುಕನೂರು, ಯಲಬುರ್ಗಾ ಕಡೆ ಇಂದಿಗೂ ತಪ್ಪಿಲ್ಲ. ಬದಲಾಗಿರುವುದು ಆಮೇಲಿನ ಭಾಗ. ಮಗಳು ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಡುವ ಹೊತ್ತಿಗೆ ಅಲ್ಲಿ ಕಟಾಂಜನದ ಮಂಚವೊಂದು ಬಂದಿರುತ್ತದೆ. ಒಂದು ಬದಿ ಬಿಚ್ಚಿದರೆ ಅದೇ ದೊಡ್ಡ ಮಗುವಿನ ಹಾಸಿಗೆಯಾಗುತ್ತದೆ. ಇದಕ್ಕೆ ‘ಕನ್ವರ್ಟಿಬಲ್’ ಎಂದು ಹೆಸರು. ‘ಡಾಕ್ಟರೇ, ತೊಟ್ಟಿಲು ಒಳ್ಳೆಯದೋ, ಇದು ಒಳ್ಳೆಯದೋ?’ ಎಂದು ಅಜ್ಜಿಯರು ಕೇಳುತ್ತಾರೆ. ಮಗು ಈಗ ಏನೇನು ಮಾಡಬಲ್ಲದು ಎಂಬುದರ ಮೇಲೆ ಉತ್ತರ ನಿಂತಿದೆ.

ಮೊದಲ ಕೆಲವು ತಿಂಗಳಿಗೆ ತಳ ಸಮತಟ್ಟಾಗಿರುವ ಮರದ ತೊಟ್ಟಿಲು ಸಾಕು. ಕಲಘಟಗಿಯ ಬಣ್ಣದ ತೊಟ್ಟಿಲು ಮನೆತನದ ಆಸ್ತಿಯಂತೆ ಬಂದಿದ್ದರೆ ಸಂತೋಷ. ಆದರೆ ಹಗ್ಗ, ಕೊಂಡಿ, ಜಂತಿಯ ಗಟ್ಟಿತನವನ್ನು ಒಮ್ಮೆ ಜಗ್ಗಿ ನೋಡಿ. ಸೀರೆಯ ಜೋಳಿಗೆಯ ಮಾತು ಬೇರೆ. ಅದರಲ್ಲಿ ಕೂಸಿನ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತದೆ, ಎಳೆಯ ಶ್ವಾಸನಾಳ ಕಿರಿದಾಗುತ್ತದೆ. ಖಾಲಿ ಬಿಟ್ಟರೆ ದೊಡ್ಡ ಮಕ್ಕಳು ಅದರಲ್ಲಿ ಸುತ್ತಿಕೊಂಡು ಆಡುವಾಗ ಕೊರಳಿಗೆ ಉರುಲಾದೀತು. ಮಗು ಮಗ್ಗುಲಾಗಲು, ಕೈಯೂರಿ ಮೇಲೇಳಲು ಶುರು ಮಾಡಿದ ದಿನವೇ, ಅಂದರೆ ಸುಮಾರು ನಾಲ್ಕೈದು ತಿಂಗಳಿಗೆ, ತೊಟ್ಟಿಲನ್ನು ಕಟ್ಟಿಡಿ.

ಎಲ್ಲಿ ಮಲಗಿಸಿದರೂ ಅಂಗಾತ ಮಲಗಿಸಬೇಕು. ಕಕ್ಕಿದರೆ ಉಸಿರುಗಟ್ಟೀತೆಂಬ ಭಯ ಹಿರಿಯರದ್ದು. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಕಕ್ಕಿದ ಹಾಲು ಮೇಲಿನ ನಾಳಕ್ಕೆ ಹೋಗುವುದು ಸುಲಭವಲ್ಲ. ಬೋರಲು ಮಲಗಿದಾಗ ಈ ಅನುಕೂಲ ತಪ್ಪುತ್ತದೆ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿರೆಂದು ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಕೂಸುಗಳ ಪ್ರಮಾಣ ಅರ್ಧಕ್ಕಿಂತ ಕಡಿಮೆಯಾಯಿತು. ಗಾದಿ ಗಟ್ಟಿಯಾಗಿರಲಿ. ಸಾಸಿವೆ ದಿಂಬು, ಮೆತ್ತನೆಯ ಗೊಂಬೆ, ದಪ್ಪ ಕೌದಿ ಬೇಡ. ಕುಂಚಿಗೆ ಚೆಂದವೇ, ಆದರೆ ಗದ್ದದ ಕೆಳಗೆ ದಾರ ಕಟ್ಟಿ ಮಲಗಿಸಬೇಡಿ.

ಇನ್ನು ಕಟಾಂಜನದ ಮಂಚ. ಅಂಗಡಿಗೆ ಹೋಗುವಾಗ ಅಳತೆ ಪಟ್ಟಿ ಒಯ್ಯಿರಿ. ಎರಡು ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು. ಮಗುವಿನ ಮೈಗಿಂತ ತಲೆ ದೊಡ್ಡದು. ಅಗಲ ಸಂದಿಯಲ್ಲಿ ಕಾಲು, ಸೊಂಟ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಗಾದಿಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಿದರೆ ಆ ಗಾದಿ ಚಿಕ್ಕದೆಂದೇ ಅರ್ಥ. ಒಂದು ಬದಿ ಮೇಲೆ ಕೆಳಗೆ ಜಾರುವ ಮಂಚವನ್ನು, ನೆಂಟರು ಪುಕ್ಕಟೆ ಕೊಟ್ಟರೂ, ತೆಗೆದುಕೊಳ್ಳಬೇಡಿ. ಜಾರುವ ಬದಿ ಕಳಚಿ, ಸಂದಿಯಲ್ಲಿ ಸಿಕ್ಕು ಮಕ್ಕಳು ಸತ್ತದ್ದರಿಂದ ಅಮೆರಿಕ 2011ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ಬಡಗಿಯಿಂದ ಮಾಡಿಸುವವರಿಗೂ ಇದೇ ಅಳತೆ. ಹಲ್ಲು ಬರುವ ಕೂಸು ಕಟಾಂಜನ ಕಡಿಯದೆ ಬಿಡುವುದಿಲ್ಲ, ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ, ಬಣ್ಣ ಸಿಪ್ಪೆ ಏಳುತ್ತಿರುವ ಮಂಚ ಮಗುವಿಗೆ ಬೇಡ.

ಮಗು ಎದ್ದು ಕೂರತೊಡಗಿದಾಗ ಗಾದಿಯ ಮಟ್ಟ ಇಳಿಸಿ, ಹಿಡಿದು ನಿಲ್ಲುವ ಮೊದಲೇ ಅತಿ ಕೆಳಗಿನ ಮಟ್ಟಕ್ಕೆ ತನ್ನಿ. ಎತ್ತರ ಸುಮಾರು 90 ಸೆಂಟಿಮೀಟರ್ ಮುಟ್ಟಿದಾಗ, ಅಥವಾ ಒಮ್ಮೆಯಾದರೂ ಕಟಾಂಜನಕ್ಕೆ ಕಾಲು ಹಾಕಿದಾಗ, ಬದಿ ಬಿಚ್ಚಿ ಸಣ್ಣ ಹಾಸಿಗೆಯಾಗಿ ಬದಲಿಸಬೇಕು. ಬಿಚ್ಚಿ ಜೋಡಿಸಿದ ಮೇಲೆ ತಿರುಪುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡಿ. ಮಿಕ್ಕ ತಿರುಪನ್ನು ‘ಇದು ಹೆಚ್ಚಿಗೆ ಕೊಟ್ಟದ್ದು’ ಎಂದು ಡಬ್ಬಿಗೆ ಹಾಕುವ ಯಜಮಾನರು ಎಲ್ಲ ಮನೆಗಳಲ್ಲೂ ಇದ್ದಾರೆ!

ದೊಡ್ಡ ಮಂಚದ ಅಂಚಿಗೆ ಸಿಕ್ಕಿಸುವ ‘ಬೆಡ್ ರೇಲ್’ ಬಗ್ಗೆಯೇ ಹೆಚ್ಚು ತಪ್ಪು ತಿಳಿವಳಿಕೆ. ಅದು ಎರಡರಿಂದ ಐದು ವರ್ಷದ, ತಾನಾಗಿ ಇಳಿದು ಹತ್ತಬಲ್ಲ ಮಗುವಿಗೆ ಮಾತ್ರ. ಎರಡು ವರ್ಷದೊಳಗಿನ ಮಗು ಉರುಳಿ ಗಾದಿಗೂ ರೇಲಿಗೂ ನಡುವೆ ಜಾರಿದರೆ ಮುಖ ಒತ್ತಿಕೊಳ್ಳುತ್ತದೆ, ಅಳಲೂ ಆಗದು. ಬೀಳುವುದಕ್ಕಿಂತ ಇದು ಅಪಾಯ. ಹೊರಸನ್ನು ಗೋಡೆಗೆ ಒತ್ತಿ, ಗೋಡೆಯ ಬದಿಗೆ ಕೂಸನ್ನು ಮಲಗಿಸುವ ನಮ್ಮ ರೂಢಿಯಲ್ಲೂ ಇದೇ ಸಂದಿ ಇದೆ. ಅಂಚಿಗೆ ದಿಂಬಿನ ಗೋಡೆ ಕಟ್ಟುವುದಂತೂ ಬೇಡವೇ ಬೇಡ. ಮಂಚ ಕೊಳ್ಳಲು ಅನುಕೂಲವಿಲ್ಲದವರು ಚಿಂತಿಸಬೇಕಿಲ್ಲ. ಗೋಡೆಯಿಂದ ದೂರ, ನೆಲದ ಮೇಲೆ ಚಾಪೆ ಹಾಸಿ, ತೆಳುವಾದ ಗಟ್ಟಿ ಗಾದಿಯ ಮೇಲೆ ಸೊಳ್ಳೆ ಪರದೆ ಕಟ್ಟಿ ಮಲಗಿಸಿದರೆ ಬೀಳುವ ಭಯವೇ ಇಲ್ಲ.

ಒಂದು ವೇಳೆ ಮಗು ಮಂಚದಿಂದ ಬಿದ್ದರೆ? ಕೂಡಲೇ ಅತ್ತು, ಸ್ವಲ್ಪ ಹೊತ್ತಿಗೆ ಮೊದಲಿನಂತೆ ಆಡಿ ಹಾಲು ಕುಡಿದರೆ ಒಂದು ದಿನ ಮನೆಯಲ್ಲೇ ಗಮನಿಸಿ. ಮೂರು ತಿಂಗಳೊಳಗಿನ ಕೂಸಾದರೆ, ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರಿನಂಥ ದ್ರವವೋ ಇಳಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಬಿದ್ದದ್ದು ಎಷ್ಟು ಹೊತ್ತಿಗೆ, ಎಷ್ಟು ಎತ್ತರದಿಂದ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.