ಗೋಲಿನ ಲೆಕ್ಕಕ್ಕೆ ಸಿಗದ ಸುನಿಲ್

2021ರ ಆಗಸ್ಟ್ 5ರ ಬೆಳಿಗ್ಗೆ ಮಂಠಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಟಿ.ವಿ. ಮುಂದೆ ಕೂತಿದ್ದರು. ಹೊಲಕ್ಕೆ ಹೊರಟವರು ಹಾದಿ ಬಿಟ್ಟು ಒಳಗೆ ಬಂದಿದ್ದರು. ಟೋಕಿಯೊದಲ್ಲಿ ಭಾರತ ಹಾಗೂ ಜರ್ಮನಿ ತಂಡಗಳು ಕಂಚಿನ ಪದಕಕ್ಕಾಗಿ ಸೆಣಸುತ್ತಿದ್ದವು. 1–3ರಿಂದ ಹಿಂದೆ ಬಿದ್ದಿದ್ದ ನಮ್ಮವರು 5–4ರಲ್ಲಿ ಗೆದ್ದರು. ಕೊನೆಯ ಕ್ಷಣಗಳಲ್ಲಿ ಎದುರಾಳಿಗೆ ಸಿಕ್ಕ ಪೆನಾಲ್ಟಿ ಕಾರ್ನರ್ ಅನ್ನು ಗೋಲ್‌ಕೀಪರ್ ಶ್ರೀಜೇಶ್ ತಡೆದಾಗ, ಹಾಕಿ ಕೋಲನ್ನು ಕೈಯಲ್ಲಿ ಹಿಡಿದೇ ನೋಡದ ನಮ್ಮೂರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 41 ವರ್ಷಗಳ ಬಳಿಕ ಬಂದ ಪದಕವದು.

ಗದ್ದಲವೆಲ್ಲ ಅಡಗಿದ ಮೇಲೆ ಪಕ್ಕದ ಮನೆಯ ಹುಡುಗನೊಬ್ಬ ಕೇಳಿದ: ‘ಇದರಾಗ ನಮ್ಮ ಕರ್ನಾಟಕದವ್ರು ಯಾರೂ ಇಲ್ಲೇನ್ರಿ ಕಾಕಾ?’

ಇರಲಿಲ್ಲ. ಐದು ವರ್ಷಗಳ ಹಿಂದೆ, 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ 16 ಜನರ ತಂಡದಲ್ಲಿ ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಮತ್ತು ಎಸ್.ವಿ. ಸುನಿಲ್, ಹೀಗೆ ನಾಲ್ವರು ನಮ್ಮವರಿದ್ದರು. ನಾಲ್ಕರಲ್ಲೊಂದು ಪಾಲು! ಟೋಕಿಯೊದಲ್ಲಿ ಅದು ಸೊನ್ನೆಗೆ ಇಳಿದಿತ್ತು. 2024ರ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಬಂದಾಗಲೂ ಸೊನ್ನೆಯೇ. ಹುಡುಗನ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಸುನಿಲ್ ಅವರ ಬದುಕಿನಲ್ಲಿದೆ ಎಂದು ನನಗೆ ತೋರುತ್ತದೆ.

ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್ ಹುಟ್ಟಿದ್ದು 1989ರ ಮೇ 6ರಂದು. ತಂದೆ ಮರಗೆಲಸದವರು. ಮಗುವಿಗೆ ನಾಲ್ಕು ವರ್ಷವಾದಾಗ ತಾಯಿ ತೀರಿಕೊಂಡರು. ಹಾಕಿ ಕೋಲು ಕೊಳ್ಳುವ ಅನುಕೂಲ ಮನೆಯಲ್ಲಿರಲಿಲ್ಲವಾದ್ದರಿಂದ ಹುಡುಗ ಆಟ ಕಲಿತದ್ದು ಬಿದಿರಿನ ಕೋಲು ಹಿಡಿದು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ನಾನು ಕೆಲಕಾಲ ಕೊಡಗಿನಲ್ಲಿ ಸರ್ಕಾರಿ ಕೆಲಸದ ಮೇಲಿದ್ದೆ. ಸೋಮವಾರಪೇಟೆಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ಆಗ ಆ ಊರಿನ ಯಾವುದೋ ಬಯಲಿನಲ್ಲಿ ಒಂಬತ್ತು ಹತ್ತು ವರ್ಷದ ಈ ಹುಡುಗ ಓಡುತ್ತಿದ್ದಿರಬೇಕು. ನಾನು ಅವನನ್ನು ಕಂಡಿದ್ದೆ ಎಂದರೆ ಸುಳ್ಳಾದೀತು. ಜೀಪಿನಲ್ಲಿ ಕೂತ ಅಧಿಕಾರಿಗಳು ಬಯಲಿನ ಕಡೆ ನೋಡುವುದು ಒತ್ತುವರಿಯ ದೂರು ಬಂದಾಗ ಮಾತ್ರ.

ಬೀದರ್ ಜಿಲ್ಲೆಯಿಂದ ಹೋದ ನನಗೆ ಕೊಡಗಿನ ಮಳೆಯಷ್ಟೇ ಅಚ್ಚರಿ ತಂದದ್ದು ಅಲ್ಲಿನ ಹಾಕಿ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಆರಂಭಿಸಿದಾಗ ಸೇರಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದವು 360. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಕೋಲು ಹಿಡಿದು ನಿಲ್ಲುವ ಆ ನೋಟವನ್ನು ನಮ್ಮ ಕಡೆಯವರಿಗೆ ಬಾಯಿಮಾತಿನಲ್ಲಿ ವಿವರಿಸಿ ನಂಬಿಸುವುದು ಕಷ್ಟ. ಸುನಿಲ್ ಆ ಕುಟುಂಬಗಳ ವಲಯದಿಂದ ಬಂದವರಲ್ಲ. ಆದರೆ ಆಟ ಗಾಳಿಯಲ್ಲೇ ಬೆರೆತಿರುವ ಊರಿನಲ್ಲಿ ಬೆಳೆದವರು. 1975ರ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ ಅದೇ ಸೋಮವಾರಪೇಟೆಯವರು. ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದ ಅರ್ಜುನ್ ಹಾಲಪ್ಪ ಕೂಡ. ಸಣ್ಣ ಪಟ್ಟಣವೊಂದರಲ್ಲಿ ಹುಡುಗನಿಗೆ ‘ಅಂಥವನಾಗಬೇಕು’ ಎಂದು ಬೊಟ್ಟು ಮಾಡಿ ತೋರಿಸಲು ಕಣ್ಣೆದುರಿಗೇ ಒಬ್ಬರಿರುವುದು ಎಷ್ಟು ದೊಡ್ಡ ಬಂಡವಾಳ!

ಹದಿನೆಂಟರ ವಯಸ್ಸಿನಲ್ಲಿ, 2007ರ ಚೆನ್ನೈ ಏಷ್ಯಾ ಕಪ್‌ನಲ್ಲಿ ಸುನಿಲ್ ಭಾರತದ ಪರವಾಗಿ ಮೊದಲು ಆಡಿದರು. ಭಾರತ ಕಪ್ ಗೆದ್ದಿತು. ಆದರೆ ಮರುವರ್ಷವೇ ನಮ್ಮ ಹಾಕಿ ಪಾತಾಳ ಕಂಡಿತು. 1928ರಿಂದ ಒಮ್ಮೆಯೂ ತಪ್ಪದ ಒಲಿಂಪಿಕ್ಸ್‌ಗೆ ಭಾರತ ಅರ್ಹತೆಯನ್ನೇ ಪಡೆಯಲಿಲ್ಲ. ಸುನಿಲ್ ಅವರ ಇಡೀ ವೃತ್ತಿಜೀವನ ಈ ಪಾತಾಳದಿಂದ ಮೇಲೇರುವ ದಾರಿಯಲ್ಲೇ ಕಳೆಯಿತು ಎನ್ನುವುದನ್ನು ನೆನಪಿಡಬೇಕು.

2009ರಲ್ಲಿ ಮಲೇಷ್ಯಾದಲ್ಲಿ ಅಜ್ಲನ್ ಷಾ ಕಪ್ ಆಡುತ್ತಿದ್ದಾಗ ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿ ಬಂತು. ಇಪ್ಪತ್ತೂ ತುಂಬದ ಹುಡುಗ ತಂಡದೊಡನೆಯೇ ಉಳಿದ. ಭಾರತ ಆ ಕಪ್ ಗೆದ್ದಿತು. ಇದನ್ನು ತ್ಯಾಗವೆಂದು ಹೊಗಳಿ ಮುಂದೆ ಸಾಗುವುದು ಸುಲಭ. ತಂದೆಯ ಚಿತೆಗೆ ಹೆಗಲು ಕೊಡಲಾಗದ ಮಗ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವಾಗ ಏನು ಅನುಭವಿಸಿದನೋ, ಹೊಗಳುವ ನಮಗೆ ತಿಳಿಯದು.

ಮುಂದಿನ ಏರಿಳಿತಗಳು ದಾಖಲೆಯಲ್ಲಿವೆ. 2012ರ ಲಂಡನ್‌ನಲ್ಲಿ ಭಾರತ 12 ತಂಡಗಳಲ್ಲಿ ಹನ್ನೆರಡನೆಯದು. 2014ರ ಅಕ್ಟೋಬರ್ 2ರಂದು ಇಂಚಿಯಾನ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿ 16 ವರ್ಷಗಳ ನಂತರ ಏಷ್ಯನ್ ಕ್ರೀಡಾಕೂಟದ ಚಿನ್ನ; ಅದರೊಡನೆ ರಿಯೊಗೆ ನೇರ ಪ್ರವೇಶ. ರಿಯೊದಲ್ಲಿ ಎಂಟನೆಯ ಸ್ಥಾನ. ಚಾಂಪಿಯನ್ಸ್ ಟ್ರೋಫಿಯಲ್ಲಿ ಎರಡು ಬಾರಿ ಬೆಳ್ಳಿ. 2017ರಲ್ಲಿ ಸುನಿಲ್‌ಗೆ ಅರ್ಜುನ ಪ್ರಶಸ್ತಿ. 2018ರ ಕೊನೆಯಲ್ಲಿ ಭುವನೇಶ್ವರದಲ್ಲಿ ವಿಶ್ವಕಪ್ ನಡೆದಾಗ ಮಾತ್ರ ಮೊಣಕಾಲಿನ ಗಾಯ ಅವರನ್ನು ಹೊರಗೆ ಕೂರಿಸಿತು. ಗಾಯದಿಂದ ಎದ್ದು ಬಂದು ಒಲಿಂಪಿಕ್ಸ್‌ಗೆ ಅಣಿಯಾಗುವಷ್ಟರಲ್ಲಿ ಕೊರೊನಾ ಬಂತು, ಕೂಟ ಒಂದು ವರ್ಷ ಮುಂದೆ ಹೋಯಿತು. ವೇಗವನ್ನೇ ನಂಬಿದ ಆಟಗಾರನಿಗೆ ಮೂವತ್ತು ದಾಟಿದ ಮೇಲೆ ಒಂದು ವರ್ಷವೆಂದರೆ ಸಣ್ಣದಲ್ಲ. ಟೋಕಿಯೊಗೆ ಹೋದವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಪದಕ ಬಂದ ಎರಡು ತಿಂಗಳೊಳಗೆ, 2021ರ ಅಕ್ಟೋಬರ್ 1ರಂದು, ಅವರು ನಿವೃತ್ತಿ ಘೋಷಿಸಿದರು. 264 ಪಂದ್ಯ, 72 ಗೋಲು.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲೊಂದು ಪರಿಚಿತ ತೊಡಕು ಕಾಣುತ್ತದೆ. 264 ಪಂದ್ಯಗಳಿಗೆ 72 ಗೋಲು ಎಂದರೆ ಹೆಚ್ಚೇನೂ ಅಲ್ಲ ಎನಿಸೀತು. ಸುನಿಲ್ ಬಲ ಅಂಚಿನಲ್ಲಿ ಚೆಂಡು ಹಿಡಿದು, ಎದುರಾಳಿ ರಕ್ಷಕರು ತಿರುಗಿ ನೋಡುವ ಮೊದಲೇ ಅವರನ್ನು ದಾಟಿ ವೃತ್ತದೊಳಗೆ ನುಗ್ಗುತ್ತಿದ್ದವರು. ಅಲ್ಲಿಂದ ಅವರು ತಳ್ಳಿದ ಚೆಂಡನ್ನು ಮತ್ತೊಬ್ಬ ಗೋಲಿಗೆ ಮುಟ್ಟಿಸುತ್ತಾನೆ; ಇಲ್ಲವೇ ಗತಿಗಾಣದ ರಕ್ಷಕನ ಕಾಲಿಗೆ ಚೆಂಡು ತಗುಲಿ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಅದನ್ನು ಗೋಲಾಗಿಸುವವರು ರಘುನಾಥ್ ಅಥವಾ ರೂಪಿಂದರ್. ಅಂಕಪಟ್ಟಿಯಲ್ಲಿ ಅವರ ಹೆಸರೇ ಬರುತ್ತದೆ, ಬರಬೇಕಾದ್ದೂ ಹೌದು. ಆದರೆ ಆ ಓಟ ಎಲ್ಲಿ ಜಮೆಯಾಯಿತು? ಎಣಿಸಲು ಸುಲಭವಾದದ್ದನ್ನಷ್ಟೇ ಎಣಿಸಿ ಉಳಿದದ್ದು ಇಲ್ಲವೇ ಇಲ್ಲ ಎಂದು ಭಾವಿಸುವುದು ನಮ್ಮ ಯೋಜನಾ ಇಲಾಖೆಗಳ ಹಳೆಯ ಚಾಳಿ.

ಆ ಚಾಳಿ ನನಗೂ ಇತ್ತು. ಸೇವೆಯಲ್ಲಿದ್ದಾಗ ಒಂದು ಊರಿನ ಶಾಲೆಯ ಹಿಂದಿನ ಎರಡು ಎಕರೆ ಸರ್ಕಾರಿ ಜಾಗದ ಕಡತ ನನ್ನ ಮೇಜಿಗೆ ಬಂತು. ಮುಖ್ಯೋಪಾಧ್ಯಾಯರು ಮಕ್ಕಳ ಆಟದ ಬಯಲಾಗಿ ಉಳಿಸಿಕೊಡಿ ಎಂದು ಬೇಡಿಕೊಂಡಿದ್ದರು. ಇನ್ನೊಂದು ಪ್ರಸ್ತಾವ ಗೋದಾಮಿನದು. ಗೋದಾಮಿನ ಪ್ರಯೋಜನವನ್ನು ಕ್ವಿಂಟಲ್‌ಗಳಲ್ಲಿ ಬರೆದು ತೋರಿಸಬಹುದಿತ್ತು. ಬಯಲಿನ ಪ್ರಯೋಜನ ಬರೆಯಲು ನಮೂನೆಯಲ್ಲಿ ಕಾಲಂ ಇರಲಿಲ್ಲ. ನಾನು ಗೋದಾಮಿಗೆ ಶಿಫಾರಸು ಮಾಡಿದೆ. ನಿಯಮದ ಪ್ರಕಾರ ಅದು ಸರಿಯಾದ ನಿರ್ಧಾರವೇ. ನಿವೃತ್ತಿಯ ಬಳಿಕ ಒಮ್ಮೆ ಆ ದಾರಿಯಲ್ಲಿ ಹೋದಾಗ ನೋಡಿದೆ: ಗೋದಾಮಿಗೆ ಬೀಗ ಬಿದ್ದಿತ್ತು, ಮಕ್ಕಳು ಡಾಂಬರು ರಸ್ತೆಯ ಮೇಲೆ ಆಡುತ್ತಿದ್ದರು.

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಸುಮಾರು 5.5 ಲಕ್ಷ, ನಮ್ಮ ಬೀದರಿನದು 17 ಲಕ್ಷ. ಕಾಲಿನ ಕಸುವನ್ನು ದೇವರು ಜಿಲ್ಲೆ ನೋಡಿ ಹಂಚಿದ್ದಾನೆಂದು ನಾನು ನಂಬಲಾರೆ. ಕೊಡಗಿನ ಹತ್ತು ಪಟ್ಟು, ಅಂದರೆ ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡ್ ಎಂಬ ಪುಟ್ಟ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಐಸ್ ಹಾಕಿಯ ಚಿನ್ನ ಗೆದ್ದಿತು. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುವುದು ನಿಸರ್ಗದ ಕೊಡುಗೆ. ಆದರೆ ಊರೂರಲ್ಲಿ ಹಿಮದ ಅಂಗಳ ಕಟ್ಟಿ ಮಕ್ಕಳಿಗೆ ತೆರೆದಿಟ್ಟದ್ದು ನಿಸರ್ಗವಲ್ಲ.

ನಮ್ಮಲ್ಲಿ ಆದದ್ದೇನು? 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹಾಕಿ ಹುಲ್ಲು ಬಿಟ್ಟು ಕೃತಕ ಅಂಗಣಕ್ಕೆ ಏರಿತು. ಬಿದಿರಿನ ಕೋಲಿನಿಂದ ಆಟ ಆರಂಭಿಸಬಹುದು, ಆದರೆ ಹಾಸು ಅಂಗಣವಿಲ್ಲದೆ ಮುಂದುವರಿಯಲಾಗದು. ಆ ಅಂಗಣಕ್ಕೋ ಪ್ರತಿ ಪಂದ್ಯದ ಮೊದಲು ನೀರುಣಿಸಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯುವ ನಮ್ಮ ಹಳ್ಳಿಗಳಲ್ಲಿ ಇದನ್ನು ಹೇಳಿದರೆ ಜನ ನಕ್ಕಾರು. ಒಡಿಶಾ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿಕೊಂಡಿತು, ಆದಿವಾಸಿ ಜಿಲ್ಲೆಯಾದ ಸುಂದರಗಢದಲ್ಲಿ ಆಟಕ್ಕೆ ಹಣ ಹಾಕಿತು. ಆ ಜಿಲ್ಲೆಯ ಅಮಿತ್ ರೋಹಿದಾಸ್, ಬೀರೇಂದ್ರ ಲಾಕ್ರಾ ಟೋಕಿಯೊದಲ್ಲಿದ್ದರು. ನಾವು ಹಳೆಯ ಕೀರ್ತಿಯ ಬಡ್ಡಿಯಲ್ಲೇ ಬದುಕಿದೆವು.

1973ರ ವಿಶ್ವಕಪ್ ಫೈನಲ್‌ನಲ್ಲಿ, ಕೊಡಗಿನವರೇ ಆದ ಎಂ.ಪಿ. ಗಣೇಶ್ ನಾಯಕರಾಗಿದ್ದಾಗ, ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಅನ್ನು ಗೋವಿಂದ ತಪ್ಪಿಸಿದರು. ಕಪ್ ಹಾಲೆಂಡ್ ಪಾಲಾಯಿತು. ಎರಡು ವರ್ಷದಲ್ಲಿ ಅದೇ ಗೋವಿಂದ ವಿಶ್ವವಿಜೇತ ತಂಡದಲ್ಲಿದ್ದರು. ಅದೇ ಊರಿನ ಸುನಿಲ್‌ಗೆ ಅಂಥ ಎರಡನೆಯ ಅವಕಾಶ ದಕ್ಕಲಿಲ್ಲ. ಹನ್ನೆರಡನೆಯ ಸ್ಥಾನದಿಂದ ತಂಡವನ್ನು ಮೇಲೆಳೆದವರಲ್ಲಿ ಒಬ್ಬರಾಗಿ, ಪದಕದ ದಿನ ಅವರು ನಮ್ಮಂತೆಯೇ ದೂರದಲ್ಲಿ ಉಳಿದರು.

ಆ ಬೆಳಿಗ್ಗೆ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಸುನಿಲ್ ಎಂಬ ಒಬ್ಬರಿದ್ದಾರೆ, ಬಿದಿರಿನ ಕೋಲಿನಿಂದ ಆಟ ಕಲಿತರು ಎಂದಷ್ಟೇ ಹೇಳಿದೆ. ಮರುದಿನ ಪತ್ರಿಕೆಯಲ್ಲಿ ಬಂದ ತಂಡದ ಚಿತ್ರ ಹಿಡಿದು ಅವನು ಮತ್ತೆ ಬಂದ. ‘ಈ ಕೋಲಿನ ತುದಿ ಹ್ಯಾಂಗ ಬಾಗಸ್ತಾರ್ರೀ?’ ನನಗೆ ತಿಳಿದಿರಲಿಲ್ಲ. ಇಬ್ಬರೂ ಊರ ಬಡಿಗೇರರ ಬಳಿ ಹೋದೆವು. ಅವರು ಕನ್ನಡಕ ಏರಿಸಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ‘ಬಾಗಸೂದಾಗಂಗಿಲ್ರಿ, ಕೆತ್ತಬೇಕಾಗ್ತದ. ಬೇವಿಂದೊಂದು ತುಂಡು ಐತಿ, ನೋಡ್ತೀನಿ’ ಎಂದರು.