ಕಾರಿನ ಗಾಜಿಗೆ ಫಿಲ್ಮ್: ಅಂಗಡಿ ಆರಿಸುವ ಮುನ್ನ

ಅಡಿಕೆ ಮಾರಿದ ಹಣ ಕೈಗೆ ಬಂದಾಗ ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವ ಯೋಚನೆ ಅನೇಕ ಸದಸ್ಯ ಬಾಂಧವರಿಗೆ ಬರುತ್ತದೆ. ಬಿಸಿಲಿನ ಝಳ ತಡೆಯಲು ಇದು ಉಪಯುಕ್ತವೇ. ಆದರೆ ಅಂಗಡಿ ಆರಿಸುವಲ್ಲಿ ಎಡವಿದರೆ ಹಣವೂ ಹೋಗಿ ದಂಡವೂ ಬೀಳುತ್ತದೆ.

ಮೊದಲು ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಮುಂದಿನ ಹಾಗೂ ಹಿಂದಿನ ಗಾಜು ಕನಿಷ್ಠ ಶೇ. 70, ಪಕ್ಕದ ಗಾಜು ಶೇ. 50 ಬೆಳಕನ್ನು ಒಳಬಿಡಬೇಕು. ಫಿಲ್ಮನ್ನೇ ಅಂಟಿಸಕೂಡದೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ನಿಯಮದ ತಿದ್ದುಪಡಿ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ ಆಧಾರದ ಮೇಲೆ, ಈ ಮಿತಿಯೊಳಗಿನ ಫಿಲ್ಮಿಗೆ ಅಡ್ಡಿಯಿಲ್ಲವೆಂದು 2024ರಲ್ಲಿ ಕೇರಳ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದು ಕೇರಳದ ತೀರ್ಪು, ನಮ್ಮ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

"ಎಷ್ಟು ಕಪ್ಪು ಬೇಕು ಸ್ವಾಮಿ?" ಎಂದು ಮೊದಲೇ ಕೇಳುವ ಅಂಗಡಿಯನ್ನು ಬಿಟ್ಟುಬಿಡಿ. ಮೀಟರ್ ಇಟ್ಟು ಅಳೆದು ತೋರಿಸುವವನು ನಂಬಿಗಸ್ತ. ಕಾರ್ಖಾನೆಯ ಗಾಜಿಗೇ ಸ್ವಲ್ಪ ಬಣ್ಣವಿರುವುದುಂಟು. ಆದ್ದರಿಂದ ಗಾಜು, ಫಿಲ್ಮ್ ಎರಡೂ ಸೇರಿದ ಅಳತೆಯೇ ಲೆಕ್ಕಕ್ಕೆ ಬರುವುದು.

ಅಗ್ಗದ ಬಣ್ಣದ ಫಿಲ್ಮ್ ಕೆಲವೇ ವರ್ಷಗಳಲ್ಲಿ ನೇರಳೆಗೆ ತಿರುಗಿ ಗುಳ್ಳೆ ಏಳಬಹುದು. ಸೆರಾಮಿಕ್ ಫಿಲ್ಮ್ ಹೆಚ್ಚು ಕಪ್ಪಿಲ್ಲದೆಯೂ ಶಾಖ ತಡೆಯುತ್ತದೆ. ಬೆಲೆ ಮಾತ್ರ ಜಾಸ್ತಿ. ಧೂಳಿಲ್ಲದ ಮುಚ್ಚಿದ ಜಾಗದಲ್ಲಿ ಕೆಲಸ ಮಾಡುತ್ತಾರೆಯೇ, ಹಳೆಯ ಗಿರಾಕಿಗಳ ಗಾಡಿ ಹೇಗಿದೆ, ನೋಡಿ. ಬಿಲ್ಲಿನಲ್ಲಿ ಫಿಲ್ಮಿನ ಹೆಸರು, ಬೆಳಕಿನ ಪ್ರಮಾಣ, ವಾರಂಟಿ ಬರೆಸಿಕೊಳ್ಳಿ. ಅಂಟು ಒಣಗುವವರೆಗೆ ಗಾಜು ಇಳಿಸಬೇಡಿ; ಈ ಕೆಲಸಕ್ಕೆ ಮಳೆಗಾಲಕ್ಕಿಂತ ಬೇಸಿಗೆ ಲೇಸು.

ಮಂಜು ಕವಿದ ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸುವವರು ನಾವು. ಗಾಜಿನ ಅಂದಕ್ಕಿಂತ ದಾರಿ ಕಾಣುವುದು ಮುಖ್ಯ. ನರ್ಸರಿಯಲ್ಲಿ ಸಸಿ ಆರಿಸುವಾಗಿನ ಎಚ್ಚರ ಇಲ್ಲಿಯೂ ಇರಲಿ.