ಹತ್ತನೆಯ ನಂಬರಿನ ಮನೆ

ಲಂಡನ್ನಿನ ಉತ್ತರಭಾಗದಲ್ಲಿ, ಪ್ರಿಮ್‌ರೋಸ್ ಗುಡ್ಡದ ಮಗ್ಗುಲಿಗೆ, ಕಿಂಗ್ ಹೆನ್ರೀಸ್ ರೋಡ್ ಎಂಬ ಬೀದಿಯಿದೆ. ಅಲ್ಲಿ ವಿಕ್ಟೋರಿಯ ರಾಣಿಯ ಕಾಲದ ಸಾಲುಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಅವುಗಳಲ್ಲಿ ಹತ್ತನೆಯ ನಂಬರಿನ ಮನೆಯಲ್ಲಿ 1921–22ರಲ್ಲಿ ಡಾ. ಅಂಬೇಡ್ಕರರು ವಾಸವಾಗಿದ್ದರು. ಇಂಥ ಮನೆಗಳ ಚರಿತ್ರೆಯ ಕಡೆಗೆ ನನ್ನನ್ನು ಎಳೆದದ್ದು ಈ ಒಂದು ಸಂಗತಿ.

ದೇವಾಲಯದ ಚರಿತ್ರಕಾರನಿಗೆ ಶಾಸನ ಸಿಕ್ಕೀತು. ಸಾಲುಮನೆಯ ಚರಿತ್ರಕಾರನಿಗೆ ಆ ಭಾಗ್ಯವಿಲ್ಲ. ನೆಲದ ಒಡೆಯರು ದೀರ್ಘಕಾಲದ ಗುತ್ತಿಗೆಗೆ, ಬಹುಮಟ್ಟಿಗೆ 99 ವರ್ಷಕ್ಕೆ, ನಿವೇಶನ ಕೊಡುತ್ತಿದ್ದರು. ಸಣ್ಣ ಕಂತ್ರಾಟುದಾರನು ಸಾಲ ತಂದು ನಾಲ್ಕಾರು ಮನೆ ಎಬ್ಬಿಸಿ, ಅವು ಬಿಕರಿಯಾದರೆ ಮುಂದಿನವಕ್ಕೆ ಕೈ ಹಾಕುತ್ತಿದ್ದನು. ಅವಧಿ ಮುಗಿದರೆ ಮನೆಯೂ ಒಡೆಯರಿಗೇ! ಈ ಬೀದಿಯ ಒಡೆತನ ಆಗ ಈಟನ್ ಕಾಲೇಜಿನದಾಗಿತ್ತು. ಅದನ್ನು 1440ರಲ್ಲಿ ಸ್ಥಾಪಿಸಿದ ಆರನೆಯ ಹೆನ್ರಿಯೇ ಬೀದಿಯ ಹೆಸರಿನಲ್ಲಿ ಉಳಿದಿರುವವನು. 1830ರ ದಶಕದಲ್ಲಿ ರೈಲು ಬಂದಾಗ, ಮುಂದೆ ಮನೆ ಕಟ್ಟಬಹುದಾದ ನೆಲ ಕೆಡಬಾರದೆಂದು ಕಾಲೇಜಿನವರು ಹಟ ಹಿಡಿದರು. ಹಳಿ ಸುರಂಗದೊಳಕ್ಕೆ ಇಳಿಯಿತು.

ಹುಡುಕುವವನಿಗೆ ಆಧಾರ ಕಾಗದಗಳೇ. ಕಂದಾಯದ ಪುಸ್ತಕದಲ್ಲಿ ಈ ವರ್ಷ 'ಖಾಲಿ' ಎಂದಿದ್ದ ಕಡೆ ಮರುವರ್ಷ ಒಂದು ಹೆಸರು ಬಂದಿದ್ದರೆ, ಮನೆ ಮುಗಿದ ಕಾಲ ಹೆಚ್ಚುಕಡಿಮೆ ತಿಳಿದಂತೆಯೇ. ಆದರೆ ನಂಬರುಗಳನ್ನು ನಂಬುವಂತಿಲ್ಲ. 1855ರಲ್ಲಿ ಏರ್ಪಟ್ಟ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಎಷ್ಟೋ ಬೀದಿಗಳ ಹೆಸರನ್ನೂ ನಂಬರನ್ನೂ ಬದಲಿಸಿತು. ನಕ್ಷೆಯೊಡನೆ ಹೋಲಿಸದೆ ಬರೆದವನು ನೆರೆಮನೆಯ ಚರಿತ್ರೆ ಬರೆದಾನು. ಕಿಟಕಿಯೂ ಒಂದು ಸಾಕ್ಷಿ: ಗಾಜಿನ ಸುಂಕ 1845ರಲ್ಲಿಯೂ ಕಿಟಕಿಯ ತೆರಿಗೆ 1851ರಲ್ಲಿಯೂ ರದ್ದಾದ ಮೇಲೆ ಅಗಲವಾದ ಗಾಜುಗಳು ಸಾಮಾನ್ಯವಾದವು.

ನನಗೆ ಎಲ್ಲಕ್ಕಿಂತ ಹೆಚ್ಚಿನದು ಖಾನೇಷುಮಾರಿ. 1851ರಿಂದ ಅದರಲ್ಲಿ ಪ್ರತಿಯೊಬ್ಬರಿಗೂ ಮನೆಯ ಯಜಮಾನನೊಡನೆ ಇರುವ ಸಂಬಂಧ ನಮೂದಾಗಿದೆ: ಹೆಂಡತಿ, ಮಗ, ಆಳು, ಬಾಡಿಗೆಯವನು. ನೆಲದಡಿಯಲ್ಲಿ ಅಡಿಗೆಮನೆ, ಸೂರಿನಡಿ ಆಳುಗಳ ಕೋಣೆ, ನಡುವೆ ಯಜಮಾನರ ದಿವಾನಖಾನೆ. ಈ ಏರ್ಪಾಟಿನ ಅರ್ಥ ಆ ಹಾಳೆಗಳಿಂದ ಬಿಚ್ಚಿಕೊಳ್ಳುತ್ತದೆ. ದಿನಕ್ಕೆಷ್ಟು ಸಾರಿ ಕಲ್ಲಿದ್ದಲೂ ಬಿಸಿನೀರೂ ಆ ಮೆಟ್ಟಿಲು ಏರಿರಬೇಕು! ಮುಂದೆ ಒಂದು ಕುಟುಂಬಕ್ಕೆಂದು ಕಟ್ಟಿದ ಇಂಥ ಮನೆಗಳಲ್ಲಿ ಎಷ್ಟೋ ಬಾಡಿಗೆಯ ಕೋಣೆಗಳಾಗಿ ಹಂಚಿಹೋದವು. 1921ರ ಹಾಳೆಗಳು ನೂರು ವರ್ಷದ ಗೋಪ್ಯ ಕಳೆದು 2022ರಲ್ಲಿ ಹೊರಬಂದವು. 1931ರವು 1942ರ ಬೆಂಕಿಯಲ್ಲಿ ಸುಟ್ಟವು. 1941ರಲ್ಲಿ ಯುದ್ಧದ ದೆಸೆಯಿಂದ ಎಣಿಕೆಯೇ ಇಲ್ಲ.

ಹತ್ತನೆಯ ನಂಬರನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿತು. ವಾಸದ ಮನೆ ವಾಸಕ್ಕೇ ಉಳಿಯಬೇಕೆಂದು ಕ್ಯಾಮ್ಡೆನ್ ಕೌನ್ಸಿಲಿನವರು ಅನುಮತಿ ನಿರಾಕರಿಸಿದರು. 2019ರಲ್ಲಿ ವಿಚಾರಣೆ ನಡೆದು, 2020ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಕೌನ್ಸಿಲಿನ ವಾದ ಹುರುಳಿಲ್ಲದ್ದಲ್ಲ. ಆದರೂ ಮುಂಗೋಡೆಯನ್ನಷ್ಟೇ ನೋಡಿದರೆ ಆ ಮನೆಗೂ ನೆರೆಯದಕ್ಕೂ ಭೇದ ಕಾಣದು, ಭೇದವಿರುವುದು ಒಳಗಿದ್ದವರಲ್ಲಿ. ಅಲ್ಲಿನ ಗೋಡೆಯ ಮೇಲೆ, ಅಂಬೇಡ್ಕರರ ಚಿತ್ರಗಳ ಪಕ್ಕದಲ್ಲಿ, ನೆಲದ ಗುತ್ತಿಗೆಯ ಪತ್ರವನ್ನೂ, ಮನೆಯಾಳುಗಳ ಹೆಸರುಳ್ಳ ಹಳೆಯ ಖಾನೇಷುಮಾರಿಯ ಹಾಳೆಯನ್ನೂ ತೂಗುಹಾಕಬೇಕೆಂಬುದು ನನ್ನ ಆಸೆ.